ನಾಲ್ಕನೆಯ ಪೆಟ್ಟು

ಕಂಪ್ಯೂಟರಿನಲ್ಲಿ ಬರ್ತಿಲ್ಲಜ್ಜಿ, ಅಂದ ಗುಮಾಸ್ತ,
ಆ ಹೆಸರಿನ ಶಾಲೆಯೇ ಇಲ್ಲ.
ವಯಸ್ಸಿಗೆ ದಾಖಲೆ ಬೇಕು, ದಾಖಲೆಗೆ ಶಾಲೆ ಬೇಕು,
ಶಾಲೆಗೊಂದು ಕೋಡ್ ನಂಬರು ಬೇಕು.
ಎಂಬತ್ತೆರಡು ವರ್ಷದ ಮಂಡಿ ಹಿಡಿದುಕೊಂಡು
ಮೂರನೇ ಮಹಡಿ ಹತ್ತಿದ್ದೆ.

ಇತ್ತಪ್ಪ. ಗೂಡ್ಸ್ ಶೆಡ್ಡಿನ ಹಿಂದೆ,
ಮಿಲ್ಲಿನ ಮಸಿ ಬಂದು ಸ್ಲೇಟಿನ ಮೇಲೆ ಕೂರುವಷ್ಟು ಹತ್ತಿರ,
ಹೊಂಗೆಕಟ್ಟೆ ಕೇರಿಯ ಕೊನೆಗೆ ಒಂದು ಉದ್ದನೆಯ ಹೆಂಚಿನ ಮನೆ.
ಬೋರ್ಡಿನ ಮೇಲೆ ಪಂಚಮರ ಶಾಲೆ ಅಂತ ಸರ್ಕಾರ ಬರೆಸಿತ್ತು,
ಆಮೇಲೆ ಅದರ ಮೇಲೇ ಎ.ಕೆ. ಶಾಲೆ ಅಂತ.
ಮಳೆ ಹೊಡೆದರೆ ಹಳೇ ಅಕ್ಷರ ಮತ್ತೆ ಮೂಡುತ್ತಿತ್ತು.
ನಾವು ಎರಡನ್ನೂ ಕರೆಯಲಿಲ್ಲ.
ಪಿಳ್ಳಪ್ಪ ಮೇಷ್ಟ್ರ ಶಾಲೆ, ಅಷ್ಟೇ.

ಚಪ್ಪಡಿ ಹೊತ್ತವರು ನಮ್ಮಪ್ಪಂದಿರು, ಕೂಲಿಯಿಲ್ಲದ ಭಾನುವಾರಗಳಲ್ಲಿ.
ಸುಣ್ಣ ಬಳಿದವಳು ನನ್ನಜ್ಜಿ ಮುನಿಗಂಗಮ್ಮ.
ಅವಳಿಗೆ ಒಂದಕ್ಷರ ಬರದು.
ಆದರೆ ಕರಿಹಲಗೆಗೆ ಚಿಪ್ಪಿನ ಇದ್ದಿಲೆಷ್ಟು, ತೊಂಡೆಸೊಪ್ಪಿನ ರಸವೆಷ್ಟು,
ಅವಳನ್ನೇ ಕೇಳಬೇಕಿತ್ತು ಮೇಷ್ಟ್ರೂ.

ಗಂಟೆಯೋ, ರೈಲು ಹಳಿಯ ತುಂಡು.
ಯಾರು ತಂದಿರೆಂದು ಕೇಳಿದರೆ ಕೇರಿಯೆಲ್ಲ ಆಕಾಶ ನೋಡುತ್ತಿತ್ತು.
ಮೂರು ಪೆಟ್ಟು ಜೋರಾಗಿ ಹೊಡೆದು
ನಾಲ್ಕನೆಯದನ್ನು ಮೆಲ್ಲಗೆ, ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ.
ಇದು ತಡವಾಗಿ ಬರುವವರಿಗೆ, ಅನ್ನುತ್ತಿದ್ದರು.
ನೀರು ಹೊತ್ತು, ತಮ್ಮನ್ನ ಹೊತ್ತು, ಕಂಡವರ ಕೊಟ್ಟಿಗೆ ಬಾಚಿ ಬರುವವರಿಗೆ.
ಅಂದರೆ ನನಗೆ.

ಬಾಗಿಲ ಪಕ್ಕ ಒಂದು ಹರವಿ, ಅದರ ಮೇಲೊಂದು ಚಿಪ್ಪು.
ಬಾಯಾರಿದರೆ ಅದ್ದು, ಕುಡಿ.
ಇದರಲ್ಲಿ ಹೇಳುವಂಥದ್ದೇನಿದೆ ಅನ್ನಿಸುತ್ತಿತ್ತು ಆಗ.

ಒಂದು ವರ್ಷ ಪರೀಕ್ಷೆಗೆ ಹೋದ ಹನ್ನೊಂದು ಜನದಲ್ಲಿ ಹತ್ತು ಪಾಸು.
ತಮಟೆ, ಮೆರವಣಿಗೆ.
ಫೇಲಾದ ಸೊಣ್ಣಪ್ಪನನ್ನು ಮೇಷ್ಟ್ರು ಹೆಗಲ ಮೇಲೆ ಕೂರಿಸಿಕೊಂಡರು,
ಇವನಿಗೆ ದಾರಿ ಚೆನ್ನಾಗಿ ಕಾಣಲಿ ಅಂತ.

ಐವತ್ತೈದರಲ್ಲಿ ಆರ್ಡರು ಬಂತು:
ಇನ್ನು ಬೇರೆ ಶಾಲೆ ಬೇಡ, ಎಲ್ಲರೂ ಒಂದೇ.
ಕೇರಿಯಲ್ಲಿ ಬೆಲ್ಲ ಹಂಚಿದರು. ನಾನೂ ತಿಂದೆ.
ಒಳ್ಳೇ ಆರ್ಡರೇ ಅದು, ಈಗಲೂ ಅನ್ನುತ್ತೇನೆ,
ಯಾರಾದರೂ ಅಲ್ಲವೆಂದರೆ ಜಗಳಕ್ಕೇ ನಿಲ್ಲುತ್ತೇನೆ.

ಆದರೆ ದೊಡ್ಡ ಶಾಲೆಯಲ್ಲಿ ಜವಾನ
ಮೊಳದೆತ್ತರದಿಂದ ನೀರು ಬಿಡುತ್ತಿದ್ದ.
ಬೊಗಸೆಗೆ ಅರ್ಧ, ಲಂಗಕ್ಕೆ ಅರ್ಧ.
ಕೊನೇ ಬೆಂಚಿನಿಂದ ನೋಡಿದರೆ ಕರಿಹಲಗೆ ಬಿಸಿಲಿಗೆ ಮಿರುಗಿ
ಲೆಕ್ಕವೇ ಕಾಣದು.
ಅಜ್ಜಿ ಕಲಸಿದ್ದರೆ ಮಿರುಗುತ್ತಿರಲಿಲ್ಲ.
ಸೊಣ್ಣಪ್ಪ ಎರಡು ತಿಂಗಳಿಗೆ ಮಿಲ್ಲು ಸೇರಿದ.
ನಮ್ಮ ರಿಜಿಸ್ಟರುಗಳು ಒಂದು ಗೋಣಿಚೀಲದಲ್ಲಿ ಹೋದವು, ಎಲ್ಲಿಗೋ.
ಕಡಲೆಕಾಯಿ ಪೊಟ್ಟಣದಲ್ಲಿ ನಿನ್ನ ಹಾಜರಿ ಸಿಕ್ಕಿತು ಕಣೇ
ಅಂದಿದ್ದ ತಮ್ಮ. ಸುಳ್ಳಿರಬಹುದು. ಅವನು ಸುಳ್ಳುಬುರುಕ.

ಒಂದು ಶಾಲೆಗೆ ಇಬ್ಬರು ಹೆಡ್ಮಾಸ್ಟರು ಇರುವಂತಿಲ್ಲವಲ್ಲ.
ಪಿಳ್ಳಪ್ಪ ಮೇಷ್ಟ್ರಿಗೆ ಉಗ್ರಾಣದ ಬೀಗದ ಕೈ, ಮತ್ತೆ
ವೇಳಾಪಾಲನೆಯ ಮೇಲ್ವಿಚಾರಣೆ.
ಅಂದರೆ ಗಂಟೆ ಹೊಡೆಯುವುದು.
ಮೊದಲ ದಿನ ಅದೇ ಕರಿಕೋಟು, ಅದೇ ಬಿಳಿ ಪೇಟ.
ಅಲ್ಲಿದ್ದದ್ದು ಹಿತ್ತಾಳೆ ಗಂಟೆ, ಥಳಥಳ.

ಮೂರು ಪೆಟ್ಟು. ಮಕ್ಕಳೆಲ್ಲ ಓಡಿದರು.
ಆಮೇಲೆ ಇನ್ನೊಂದು, ಮೆಲ್ಲಗೆ.
ಉಳಿದವರು ಹಿತ್ತಾಳೆಯ ಗುಂಯ್ ಅಂದುಕೊಂಡರೇನೋ.
ಕೊನೇ ಬೆಂಚಿನ ನಾವು ಆರು ಜನ
ಒಬ್ಬರ ಮುಖ ಒಬ್ಬರು ನೋಡಲಿಲ್ಲ,
ನೋಡಿದರೆ ಅಳು ಬರುತ್ತಿತ್ತು.

ಟೈಮಾಯ್ತಜ್ಜಿ, ಕೌಂಟರ್ ಮುಚ್ಚಿದೆ, ಅನ್ನುತ್ತಾನೆ ಹುಡುಗ.
ಇರಪ್ಪ, ಕೂತಿರುತ್ತೇನೆ.
ಇನ್ನೊಂದು ಪೆಟ್ಟು ಬಾಕಿ ಇದೆ.